ದೇವರ ತಂತಿ

ಪಾರಮಿನ್ ಗುಡ್ಡದ ಕಡಿದಾದ ದಾರಿಯಲ್ಲಿ
ಜೀಪೂ ಏದುಸಿರು ಬಿಡುವ ಒಂದು ತಿರುವಿದೆ.
ಅಲ್ಲಿ ಅಜ್ಜ ಇಳಿದು ನಡೆಯುತ್ತಿದ್ದ,
ಜೀಪಿನ ಮೇಲೆ ಕರುಣೆ ಎನ್ನುತ್ತಿದ್ದ.
ಆ ತಿರುವಿನಲ್ಲೇ ಫಿಲೋಜೆನ್‌ನ ರಮ್ಮಿನಂಗಡಿ.

ಹೆಸರು ಕ್ರಿಸಾಂತೊ. ಬೆರಳಲ್ಲಿ ಸದಾ
ಥೈಮ್ ಸೊಪ್ಪಿನ ಘಾಟು, ಹೊಲದ ಕೆಂಪು;
ಭಾನುವಾರ ಅದರ ಮೇಲೊಂದು ಪದರ ಧೂಪ.
ಸಂಜೆ ಜಪಸರ ಹಿಡಿದು ಕೂತರೆ
ಮೂರನೆಯ ರಹಸ್ಯಕ್ಕೆಲ್ಲ ಗೊರಕೆ,
ಆಮೆನ್ನಿಗೆ ಮಾತ್ರ ಸರಿಯಾಗಿ ಎಚ್ಚರ.
ಅಜ್ಜಿ ಗದರಿದರೆ,
‘ಮರಿಯಮ್ಮ ತಾಯಲ್ಲವೇನೆ,
ಮಡಿಲಲ್ಲಿ ಮಗು ಮಲಗಿದರೆ ಬೈಯುತ್ತಾಳೆಯೆ?’

ಡಿಸೆಂಬರ್ ಬಂತೆಂದರೆ ಅವನು ನಮ್ಮವನಲ್ಲ.
ನಾಲ್ಕು ತಂತಿಯ ಕ್ವಾತ್ರೊ ಹೆಗಲಿಗೆ,
ಹಿಂದೆ ಮರಾಕಸ್ ಆಡಿಸುವ ಕುಳ್ಳ ಯುಸೇಬ್,
ಪಿಟೀಲಿನ ರೊಮೇನ್, ಬರಿಗೈಯ ಫಿಲೋಜೆನ್
(ಅವನದು ಬರೀ ಗಂಟಲು, ಮತ್ತು ಬಾಟಲಿ).
ಯಾರ ಮನೆಯಾದರೂ ಸರಿ, ನಡುರಾತ್ರಿ
ಮುಚ್ಚಿದ ಬಾಗಿಲಿಗೇ ಮೊದಲ ಹಾಡು.
ತೆರೆಯುವ ತನಕ ಹಾಡಬೇಕು, ಅದು ನಿಯಮ.
ತೆರೆದ ಮೇಲೆ ತಿನ್ನಬೇಕು, ಅದೂ ನಿಯಮ:
ಬಾಳೆಲೆಯಲ್ಲಿ ಬೆಂದ ಪಸ್ಟೆಲ್, ಹಂದಿಯ ತೊಡೆ.
ನಿಯಮ ಮುರಿದವನಲ್ಲ ನನ್ನಜ್ಜ.
ಬೆಳಗಿನ ಪೂಜೆಗೆ ನೆಟ್ಟಗೆ ಅಲ್ಲಿಂದಲೇ,
ಅಂಗಿಯ ಜೇಬಲ್ಲಿ ಕಟ್ಟುಹಲ್ಲು.

ಹಾಡೆಲ್ಲ ಸ್ಪ್ಯಾನಿಷ್. ಅವನಿಗೆ ಬಾರದು.
ಅವನ ಅವ್ವನಿಗೂ ಬರುತ್ತಿರಲಿಲ್ಲವಂತೆ.
‘ಅರ್ಥ ಏನಜ್ಜ?’ ಎಂದರೆ
‘ಯಾರಿಗೆ ಬರೆದದ್ದೋ ಅವರು ಓದಿಕೊಳ್ಳಲಿ.
ಅಂಚೆಯವನು ಕಾಗದ ಒಡೆಯುತ್ತಾನೇನು?’

ಶಾಲೆಯಲ್ಲಿ ನಾನು ಕಲಿತೆ.
ಕೊರ್ದೆರೊ ಎಂದರೆ ಕುರಿಮರಿ,
ಅಜ್ಜ ಹಾಡುತ್ತಿದ್ದದ್ದು ಕ್ವೆರ್ದಾ, ತಂತಿ.
ದೇವರ ಕುರಿಮರಿಯೇ ಎನ್ನುವ ಕಡೆಯೆಲ್ಲ
ಎಪ್ಪತ್ತು ವರ್ಷ, ಬಾಗಿಲು ಬಾಗಿಲಿಗೆ,
ದೇವರ ತಂತಿಯೇ, ದೇವರ ತಂತಿಯೇ.
ದೊಡ್ಡ ಪಂಡಿತಳಂತೆ ಹೇಳಿದೆ.
ಅಜ್ಜ ನಕ್ಕ, ಕೆಮ್ಮಿ ಕಣ್ಣೀರು ಬರುವಷ್ಟು ನಕ್ಕ,
ಕ್ವಾತ್ರೊದ ಒಂದೆಳೆಯನ್ನು ಟಂಯ್ ಎನಿಸಿ
‘ಅವನೂ ತಿದ್ದಲಿಲ್ಲ ನೋಡು’ ಎಂದ.
ಆ ರಾತ್ರಿಯೂ ಹಾಗೇ ಹಾಡಿದ.

ಹೋದದ್ದು ಜುಲೈಯಲ್ಲಿ. ಹಾಡಿನ ಕಾಲವಲ್ಲ.
ಮಳೆ ಹಿಡಿದಿತ್ತು, ಜೀಪು ಮೇಲೆ ಬರಲಿಲ್ಲ.
ಯುಸೇಬ್, ರೊಮೇನ್, ಕೋಲೂರಿಕೊಂಡು ಫಿಲೋಜೆನ್,
ಕೆಸರಲ್ಲಿ ನಡೆದು ಬಂದರು. ಒಳಗೆ ಬರಲಿಲ್ಲ.
ಸಾವಿನ ಮನೆ, ಬಾಗಿಲು ತೆರೆದೇ ಇತ್ತು.
‘ಹಾಕಮ್ಮ ಅದನ್ನ,’ ಎಂದ ರೊಮೇನ್.
ಹಾಕಿದೆ.

ಹೊರಗೆ ಜುಲೈ ಮಳೆಯಲ್ಲಿ ಬೆತ್ಲೆಹೇಮ್,
ದನದ ಕೊಟ್ಟಿಗೆ, ನಕ್ಷತ್ರ, ಹುಟ್ಟಿದ ಮಗು.
ಆ ಸಾಲು ಬಂದಾಗ ಕಿವಿಗೊಟ್ಟೆ:
ಮೂವರೂ, ತಪ್ಪದೆ, ತಂತಿ ಎಂದೇ ಹಾಡಿದರು.

ಚಿಲಕಕ್ಕೆ ಕೈಯಿಟ್ಟೆ.
ಅಜ್ಜಿ, ಅವನ ತಲೆಯ ಬಳಿ ಕೂತವಳು,
ನನ್ನ ಕಡೆ ತಿರುಗದೆ ಎಂದಳು:
‘ತಾಳು. ಆಮೆನ್ ಬರಲಿ.’