ತಾವು

ಸೀತಾಂಗೋಳಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ,
ಕೋಳಿ ಅಂಗಡಿಗೂ ಅಕ್ಷಯ ಕೇಂದ್ರಕ್ಕೂ ನಡುವೆ.
ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ,
ರೇಷನ್ನಿಗೆ ಮಲಯಾಳ, ಪಕ್ಕದ ಬೀಫಾತುಮ್ಮನೊಟ್ಟಿಗೆ ಬ್ಯಾರಿ.
ನನ್ನ ನಾಲಿಗೆ ಅಳತೆ ಟೇಪಿನ ಹಾಗೆ,
ಒಂದು ಬದಿ ಇಂಚು, ಇನ್ನೊಂದು ಬದಿ ಸೆಂಟಿಮೀಟರು.
ಯಾವುದರಲ್ಲಿ ಅಳೆದರೂ ಸೊಂಟ ಅಷ್ಟೇ.

ಮಂಗಳವಾರ, ಹನ್ನೊಂದೂ ಮುಕ್ಕಾಲು.
ಮದುಮಗಳೊಬ್ಬಳ ಹಸುರು ರವಕೆಗೆ ತೋಳು ಕತ್ತರಿಸುತ್ತಿದ್ದೆ.
ಫೋನು ಬಡಕೊಂಡಿತು.
"ನಮಸ್ಕಾರ. ಸುಗುಣಾಕ್ಷಿಯವರೇ? ತಾವು ಬಿಡುವಾಗಿದ್ದೀರಾ?"

ತಾವು.
ಕತ್ತರಿ ನಿಂತಿತು.
ಐವತ್ತೆರಡು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕರೆದದ್ದಿಲ್ಲ.
ಗಂಡ "ಏಯ್" ಅನ್ನುತ್ತಿದ್ದ, ಗಿರಾಕಿಗಳಿಗೆ ನಾನು "ಟೈಲರ್ ಚೇಚಿ".
ಆರನೇ ಕ್ಲಾಸಿನಲ್ಲಿ ವೆಂಕಟ್ರಾಯ ಮಾಷ್ಟ್ರು ಮಾಡಿದ ಪಾಠದೊಳಗೆ
ಮಂತ್ರಿ ರಾಜನಿಗೆ ಹೇಳುತ್ತಿದ್ದ ಮಾತು ಅದು.

ಬ್ಯಾಂಕಿನಿಂದ ಅಂದ. ಕೆವೈಸಿ ಮುಗಿದಿದೆ ಅಂದ.
ಸಂಜೆಯೊಳಗೆ ಖಾತೆ ಮುಚ್ಚಿಹೋಗುತ್ತದಂತೆ.
"ತಮಗೆ ತೊಂದರೆಯಾಗಬಾರದಲ್ಲ, ಅದಕ್ಕೇ ನಾನೇ ಮಾಡಿದೆ."
ಎಂಥ ಚಂದದ ಕನ್ನಡ, ಎಲ್ಲೂ ಒಂದು ಸುಕ್ಕಿಲ್ಲ.
ಆರು ಅಂಕೆ ಬಂದವು. ಮರೆಯಬಾರದೆಂದು
ಹಸುರು ಬಟ್ಟೆಯ ಮೇಲೇ ಸೀಮೆಸುಣ್ಣದಲ್ಲಿ ಬರಕೊಂಡೆ.
"ಹೇಳಿ ಅಮ್ಮ, ನಿಧಾನಕ್ಕೆ."
ಮೂರು, ಅಂದೆ.
ಎಂಟು, ಅಂದೆ.

ಮುಂದಿನದಕ್ಕೆ ಬಾಯಿ ತೆರೆದಾಗ ಕಣ್ಣಿಗೆ ಬಂತು
ಅದೇ ಬ್ಯಾಂಕಿನ ಎರಡನೇ ಕಿಟಕಿ.
ಹನ್ನೊಂದು ವರ್ಷದಲ್ಲಿ ಮೂರು ಸಲ ನನ್ನ ಅರ್ಜಿ ಹೊರಗೆ ತಳ್ಳಿದ ಬೆರಳು,
"ಮಲಯಾಳತ್ತಿಲ್ ಎಳುದಿಕೊಂಡ್ ವಾ ಚೇಚಿ."
ಕಿಟಕಿಯಲ್ಲಿ ಇಲ್ಲದ ಕನ್ನಡ
ಫೋನಿನಲ್ಲಿ ಹೇಗೆ ಮೊಳೆಯಿತು?

ಕೇಳಿಯೇಬಿಟ್ಟೆ: "ಸಾರ್, ನಿಮ್ಮ ಬ್ಯಾಂಕಿನಲ್ಲಿ ಕನ್ನಡ ಉಂಟಾ?"
"ಇದೆ ಅಮ್ಮ, ಬೇಗ ಹೇಳಿ."
ಮತ್ತೆ ಬೇಗ. ಮತ್ತೆ, ಫೋನ್ ಇಡಬೇಡಿ, ಯಾರನ್ನೂ ಕರೆಯಬೇಡಿ.
ಅವಸರದ ಗಿರಾಕಿಯನ್ನು ನಾನು ಬಲ್ಲೆ.
ಅಳತೆಗೆ ನಿಲ್ಲುವುದಿಲ್ಲ, ನಾಳೆಗೇ ಬೇಕು,
ಕೊನೆಗೆ ದುಡ್ಡು ಕೊಡದೆ ಹೋಗುವುದೂ ಅವರೇ.
ಸುಮ್ಮನೆ ಕೂತೆ.
ಆಗ ಅವನು ಬೈದ. ಹಿಂದಿಯಲ್ಲಿ.
ಹೊಲಿಗೆ ಬಿಚ್ಚಿದರೆ ಒಳಗಿನ ಅಸ್ತರು ಕಾಣುತ್ತದಲ್ಲ, ಹಾಗೆ.

ಬಟ್ಟೆಯ ಅಂಕೆಗಳನ್ನು ಅಂಗೈಯಿಂದ ಬಡಿದೆ.
ಎಂಟು ಮಾತ್ರ ಸುಮಾರು ಹೊತ್ತು ಹೋಗಲಿಲ್ಲ.

ಅಕ್ಷಯದ ಹುಡುಗಿ ರುಖ್ಸಾನ ಆ ಮೆಸೇಜು ಓದಿದಳು.
ಅಂಕೆಯ ಕೆಳಗೇ ಇಂಗ್ಲಿಷಿನಲ್ಲಿ ಇತ್ತಂತೆ:
ಇದನ್ನು ಯಾರಿಗೂ ಹೇಳಬೇಡಿ.
ಯಾರಿಗೂ ಹೇಳಬೇಡಿ ಎಂಬುದನ್ನು
ಯಾರೂ ನನಗೆ ಹೇಳಿರಲಿಲ್ಲ,
ನನಗೆ ಬರುವ ನಾಲ್ಕು ಭಾಷೆಯಲ್ಲಿ ಒಂದರಲ್ಲೂ.
ಅವಳು ರಶೀದಿಯ ಹಿಂದೆ ಬರೆದುಕೊಟ್ಟಳು, ಒಂದು ಒಂಬತ್ತು ಮೂರು ಸೊನ್ನೆ,
ದುಡ್ಡು ಹೋದರೆ ಕೂಡಲೇ ಇದಕ್ಕೆ.
ಬೀಫಾತುಮ್ಮನಿಗೆ ಬ್ಯಾರಿಯಲ್ಲಿ ಹೇಳಿದೆ,
ನಾದಿನಿಗೆ ತುಳುವಿನಲ್ಲಿ,
ರವಕೆ ನೋಡಲು ಬಂದ ಮದುಮಗಳಿಗೆ ಮಲಯಾಳದಲ್ಲಿ.
ಕನ್ನಡದಲ್ಲಿ ಹೇಳಲು ಆ ದಿನ ಯಾರೂ ಬರಲಿಲ್ಲ.

ರಾತ್ರಿ ಹುಕ್ಕು ಹಚ್ಚುತ್ತ ಕೂತಾಗ ಆ ಮಾತು ಪುನಃ ಕಿವಿಗೆ.
ತಾವು ಅಂದರೆ ಜಾಗ ಎಂದೂ ಅರ್ಥ, ಮಾಷ್ಟ್ರು ಹೇಳಿದ್ದರು.
ಒಬ್ಬ ಕಳ್ಳ ನನ್ನ ಭಾಷೆಯಲ್ಲಿ ನನಗೆ
ನಾಲ್ಕು ನಿಮಿಷ ಒಂದು ತಾವು ಕೊಟ್ಟಿದ್ದ.
ಸೂಜಿ ಚುಚ್ಚಿತು. ಚುಚ್ಚಲಿ ಎಂದು ಬಿಟ್ಟೆ.

ಮರುದಿನ ಎರಡನೇ ಕಿಟಕಿಗೆ ಹೋದೆ.
ಅವ ತಲೆಯೆತ್ತಲಿಲ್ಲ. "ಎಂದಾ ವೇಂಡೇ?"
ಎಷ್ಟು ನೆಮ್ಮದಿಯಾಯಿತೆಂದರೆ!
ಇದು ನಿಜವಾದ ಬ್ಯಾಂಕು.

ದೂರಿನ ಅರ್ಜಿಯಲ್ಲಿ ಒಂದು ಚೌಕ:
ಕಳೆದುಕೊಂಡದ್ದು ಎಷ್ಟು?
ಸೊನ್ನೆ ಬರೆದೆ.
ಸ್ವಲ್ಪ ಹೊತ್ತು ಅದನ್ನೇ ನೋಡಿ,
ಒಳಗೆ ತಳ್ಳಿದೆ.