ಮತ್ತೊಂದು

ಅರಸೀಕೆರೆಯ ಮಂಡಿಯಲ್ಲಿ ಕಾಯಿ ಎಣಿಸುವವರು
ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ.
ಲಾಭ, ಎರಡು, ಮೂರು, ನಾಕು, ಐದು, ಆರು,
ಆಮೇಲೆ ಬಾಯಿ ತಪ್ಪಿಯೂ ಏಳು ಎನ್ನುವುದಿಲ್ಲ;
ಏಳು ಅಂದರೆ ಲಕ್ಷ್ಮಿ ಎದ್ದು ಹೋದಾಳು.
ಮತ್ತೊಂದು ಎನ್ನುತ್ತಾರೆ.
ಎಂಟು.

ನಾನು ಗೇಟಿನ ಪಕ್ಕ ಕೂತು ಲೆಕ್ಕ ಬರೆಯುತ್ತೇನೆ.
ಮಧ್ಯಾಹ್ನ ಬುತ್ತಿ ಮುಗಿಸಿ ಹಮಾಲಿ ರೇವಣಸಿದ್ಧ
ಗೋಣಿಚೀಲದ ಮೇಲೆ ಅಂಗಾತ ಮಲಗಿ
ಬಿರುಕು ಬಿಟ್ಟ ಫೋನನ್ನು ಮುಖದ ಮೇಲೆ ಹಿಡಿಯುತ್ತಾನೆ.
ಚೆರ್ರಿ, ಗಂಟೆ, ನಿಂಬೆಹಣ್ಣು ಗಿರ್ರನೆ ತಿರುಗಿ
ಕೆಂಪು ಏಳು, ಕೆಂಪು ಏಳು, ಇನ್ನೂ ಒಂದು ಕೆಂಪು ಏಳು.
ಮೂರು ಸಲ ಏಳು ಅಂದರೂ ಅವನು ಏಳುವುದಿಲ್ಲ.
ಝಣಝಣ ನಾಣ್ಯ ಸುರಿಯುತ್ತದೆ ಎದೆಯ ಮೇಲೆ.
"ಅಕ್ಕಾ, ನಲವತ್ತು ಕೋಟಿ ಆಯ್ತು ನೋಡಿ!"
ನಲವತ್ತು ಕೋಟಿಗೆ ಒಂದು ಟೀ ಬರುವುದಿಲ್ಲ.
ಟೀ ನಾನೇ ಕೊಡಿಸುತ್ತೇನೆ.

ಅವನಿಗೆ ಗೊತ್ತಿಲ್ಲ, ನಾನು ನಾಕು ವರ್ಷ
ಪಣಜಿಯ ಹೊಳೆಯಲ್ಲಿ ಲಂಗರು ಹಾಕಿದ ಹಡಗಿನೊಳಗೆ
ರೂಲೆಟ್ ಚಕ್ರ ತಿರುಗಿಸುತ್ತಿದ್ದೆ ಅಂತ.
ಮನೆಯಲ್ಲಿ ಹೇಳಿದ್ದು: ಹೋಟೆಲಿನ ರಿಸೆಪ್ಶನ್ನು.

ಅವನ ಆಟದ ಹಡಗು ಅಲೆಯ ಮೇಲೆ ತೂಗುತ್ತದೆ.
ನಮ್ಮದು ಎಲ್ಲಿಗೂ ಹೋಗುತ್ತಿರಲಿಲ್ಲ.
ಅವನ ಆಟದ ಹುಡುಗಿ ಹತ್ತು ಸೆಕೆಂಡಿಗೊಮ್ಮೆ ಕಣ್ಣು ಹೊಡೆಯುತ್ತಾಳೆ,
ಅವಳಿಗೆ ಕಾಲು ನೋಯುವುದಿಲ್ಲ, ತಿಂಗಳ ಮುಟ್ಟಿಲ್ಲ,
ಬೆಳಗಿನ ಜಾವ ನಾಕಕ್ಕೆ ಯಾರೂ ಅವಳ ಮುಖಕ್ಕೆ ಹೊಗೆ ಬಿಡುವುದಿಲ್ಲ.
ಆ ನಾಣ್ಯದ ಸದ್ದೊಂದು ಮಾತ್ರ ಥೇಟ್ ಅದೇ.
ನಮ್ಮ ಮಿಷನ್ನಿನಲ್ಲೂ ನಾಣ್ಯ ಬೀಳುತ್ತಿರಲಿಲ್ಲ,
ಸ್ಪೀಕರು ಬೀಳಿಸುತ್ತಿತ್ತು; ಕೊನೆಗೆ ಬರುತ್ತಿದ್ದದ್ದು ಒಂದು ಚೀಟಿ.
ಯಾವುದರ ನಕಲು ಯಾವುದು, ನನಗೂ ತಿಳಿಯಲಿಲ್ಲ.

ನಮ್ಮ ಯೂನಿಫಾರ್ಮಿಗೆ ಜೇಬಿರಲಿಲ್ಲ.
ಮೇಜು ಬಿಡುವಾಗ ಚಪ್ಪಾಳೆ ತಟ್ಟಿ, ಎರಡೂ ಅಂಗೈ ಮೇಲೆ ಮಾಡಿ
ಸೂರಿನ ಕ್ಯಾಮೆರಾಕ್ಕೆ ತೋರಿಸಬೇಕು: ಏನೂ ಕದ್ದಿಲ್ಲ.
ಈಗಲೂ ರೊಟ್ಟಿ ತಟ್ಟಿ ಏಳುವಾಗ ಕೈ ತಾನೇ ಹಾಗೆ ಮಾಡುತ್ತದೆ.
ಹಿಟ್ಟು ಕೊಡವುತ್ತಾಳೆ ಅಂದುಕೊಂಡಿದ್ದಾಳೆ ಅವ್ವ.

ಒಂದು ರಾತ್ರಿ, ವಾಸ್ಕೋ ರೈಲಿನ ಸುಸ್ತು ಇನ್ನೂ ಮುಖದಲ್ಲೇ ಇದ್ದ
ಬಿಳಿ ಅಂಗಿಯವರೊಬ್ಬರು ನನ್ನ ಮೇಜಿಗೆ ಬಂದು ಕೂತರು.
ಬಿಲ್ಲೆಗಳನ್ನು ಬೆರಳಲ್ಲಿ ಜೋಡಿಸುತ್ತ ತುಟಿಯೊಳಗೇ ಎಣಿಸಿದರು:
ಲಾಭ, ಎರಡು, ಮೂರು...
ಎದೆ ಧಸಕ್ಕೆಂದಿತು. ನಮ್ಮೂರಿನ ಬಾಯಿ!
ಮೇಜಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಿಗೆ ದಂಡವಿತ್ತು.
ಏಳರ ಮನೆಗೆ ಬಿಲ್ಲೆ ತಳ್ಳಿ "ಮತ್ತೊಂದು" ಅಂದರು.
ಹೋಯಿತು.
ಮತ್ತೊಂದು. ಹೋಯಿತು.
ನನ್ನ ಕೈ ಬಾಚಿಕೊಳ್ಳುತ್ತಲೇ ಇತ್ತು.
ಗಡಿಯಾರವಿಲ್ಲದ ಆ ಕೋಣೆಯಲ್ಲಿ ಒಂದೇ ಒಂದು ಕನ್ನಡ ಪದ
ನಾಲಿಗೆಯ ತುದಿಗೆ ಬಂದು ಕೂತಿತ್ತು,
ಅದೇ ಏಳು, ಮರ್ಯಾದೆ ಸೇರಿಸಿ: ಏಳಿ.
ಅನ್ನಲಿಲ್ಲ.
ನೋ ಮೋರ್ ಬೆಟ್ಸ್ ಅಂದೆ.
ಕಿಟಕಿಯಿಲ್ಲದ ಬೆಳಗಾದಾಗ ಅವರೇ ಎದ್ದು
ಉಳಿದ ಒಂದು ಬಿಲ್ಲೆಯನ್ನು ನನ್ನತ್ತ ಜಾರಿಸಿ ಹೋದರು.
ಅದನ್ನೂ ಡಬ್ಬಿಯ ಸೀಳಿಗೆ ಹಾಕಿದೆ. ಜೇಬಿರಲಿಲ್ಲವಲ್ಲ.

ಈ ಮಂಡಿ ಅವರದೇ. ಗುರುಶಾಂತಪ್ಪನವರು.
ಕೆಲಸ ಕೇಳಲು ಬಂದ ದಿನ ಮುಖ ನೋಡಿದರು, ಗುರುತು ಹತ್ತಲಿಲ್ಲ;
ಚಕ್ರ ನೋಡುವವರು ತಿರುಗಿಸುವವಳನ್ನು ನೋಡುವುದಿಲ್ಲ.

ನಿನ್ನೆ ರೇವಣನ ಫೋನು ಝಣಗುಟ್ಟಿದಾಗ
ಒಳಗಿಂದ ಬಂದು ರೇಗಿದರು:
"ಅವನಿಗೆ ನೀನಾದ್ರೂ ಬುದ್ಧಿ ಹೇಳು ತಾಯಿ.
ಸುಳ್ಳು ದುಡ್ಡಿಂದಲೇ ಶುರುವಾಗೋದು ಅದು."
ಹೇಳುತ್ತೇನೆ ಅಂದೆ. ಪುಸ್ತಕ ಮುಚ್ಚಿದೆ. ಎದ್ದೆ.
ಕೈಗಳು ತಾವೇ ಚಪ್ಪಾಳೆ ತಟ್ಟಿ, ಅಂಗೈ ಮೇಲೆ ಮಾಡಿ ನಿಂತವು.

ಅವರು ಅಂಗೈ ನೋಡಿದರು. ಬಹಳ ಹೊತ್ತು ನೋಡಿದರು.
ಹಿಂದೆ, ರಾಶಿಯ ಬಳಿ, ಎಣಿಸುವವನು ಆರು ಅಂದು
ಉಸಿರು ತೆಗೆದುಕೊಳ್ಳುತ್ತಿದ್ದ.