ಹದಿನಾರು ಸಲ

ಇನಾರಿ ಸರೋವರದ ದಡದ ಮರದ ಕೋಣೆಯಲ್ಲಿ
ಹೊರಡುವಾಗ ವೇಯ್ಕೊ, ಅಭ್ಯಾಸಬಲ,
ಕಂಪ್ಯೂಟರ್ ಆರಿಸಿಬಿಟ್ಟ.
ಈಗ ಹಿಮ ಬಿದ್ದು ದಾರಿ ಮುಚ್ಚಿದೆ,
ಗಡ್ಡೆಗಟ್ಟಿದ ನೀರಿನ ಬಿರುಕುಗಳ ಲೆಕ್ಕ ಬರೆಯುವವರಿಲ್ಲ.

ಪೂರ್ತಿ ಸತ್ತಿಲ್ಲ ಅದು. ಕೋಳಿನಿದ್ದೆ.
ಕೇಬಲ್ ಸಿಕ್ಕಿಸಿದ ಸಂದಿಯಲ್ಲಿ
ಸಾಸಿವೆಯಷ್ಟು ಹಸಿರು ಬೆಳಕು,
ಒಂದು ಕಿವಿ.

ಔಲುವಿನ ತನ್ನ ಅಡುಗೆಮನೆಯಿಂದ ರೌನಿ
ಹೆಸರು ಹಿಡಿದು ಕೂಗಿದಳು,
ಒಂದೇ ಉಸಿರಿಗೆ ಹದಿನಾರು ಸಲ.
ಓಗೊಡುವ ಪದ್ಧತಿ ಅದಕ್ಕಿಲ್ಲ.
ಕಾಫಿ ಆರಿತು. ಮತ್ತೆ ಹದಿನಾರು.
ಆಮೇಲೆ ಕಂಡಿತು: ಬಿ ಇರಬೇಕಾದಲ್ಲಿ ಎಂಟು.
ಇಷ್ಟು ಹೊತ್ತೂ ಇಲ್ಲದ ಯಾರನ್ನೋ
ಕರೆಯುತ್ತಿದ್ದಳು.

ತಿದ್ದಿದಳು.
ಕತ್ತಲಲ್ಲಿ ಫ್ಯಾನು ಒಮ್ಮೆ ಕೆಮ್ಮಿ ತಿರುಗಿತು;
ಕೇಳಿಸಿಕೊಂಡದ್ದು ಗೋಡೆಯ ಇಲಿ ಮಾತ್ರ.
ರೌನಿಗೆ ಬಂದದ್ದು ಒಂದೇ ಸಾಲು:
ಮೂರು ಗಂಟೆ ಏಳು ನಿಮಿಷ, ಸಣ್ಣ ಬಿರುಕು.